ಕಂಪ್ಯೂಟರ್ ಫಾರ್ಮಾಟ್ ಮಾಡಬೇಕಂತೆ, ನಮ್ಮ ಯಜಮಾನರು ಬರೆದಿಟ್ಟದ್ದೆಲ್ಲ ಒಳಗಿದೆ. ದಾರಿ ಹೇಳಿ

ನೀರ್ಚಾಲು ಟೀಚರ್ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ಮಾಧ್ಯಮದ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿಯಾದವಳು. ಮನೆ ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ. ನಮ್ಮಲ್ಲಿ 2013ರಲ್ಲಿ ತೆಗೆದ ಒಂದು ಡೆಸ್ಕ್‌ಟಾಪ್ ಇದೆ. ವಿಂಡೋಸ್ 10, ರ್‍ಯಾಮ್ 4 ಜಿಬಿ.

ದೀಪಾವಳಿ ಕಳೆದ ಮೇಲೆ ಇಲ್ಲಿ ದಿನಾ ಮಧ್ಯಾಹ್ನ ಗುಡುಗು. ಕರೆಂಟ್ ಹೋಗುತ್ತದೆ, ಬರುತ್ತದೆ. ಹಾಗೆ ಹೋಗಿ ಬಂದಾಗಲೆಲ್ಲ ಕಂಪ್ಯೂಟರಿನ ತಾರೀಖು 2012 ಜನವರಿ 1ಕ್ಕೆ ಹೋಗಿ ನಿಲ್ಲುತ್ತದೆ. ಆಮೇಲೆ ಯಾವ ವೆಬ್‌ಸೈಟೂ ತೆರೆಯುವುದಿಲ್ಲ. ಗಡಿಯಾರ ಹಿಂದೆ ಇದೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬರುತ್ತದೆ. ಅಂಗಡಿಯವರಿಗೆ ಫೋನ್ ಮಾಡಿದೆ. ನೋಡದೆಯೇ ಹೇಳಿದರು, ವೈರಸ್ ಇರಬಹುದು, ತನ್ನಿ, ಫಾರ್ಮಾಟ್ ಮಾಡುವ ಅಂತ.

ಫಾರ್ಮಾಟ್ ಅಂದರೆ ಒಳಗಿದ್ದದ್ದೆಲ್ಲ ಅಳಿಸುವುದು, ನನಗೆ ಭಯ ಅಲ್ಲೇ. ನಮ್ಮ ಯಜಮಾನರು ಹೋಗಿ ನಾಲ್ಕು ವರ್ಷ ಆಯಿತು. ಊರಿನ ಬೈಲು, ಗುಡ್ಡೆ, ಕಟ್ಟ, ಸುರಂಗ, ಸಂಕ (ತೋಡು ದಾಟುವ ಕಾಲುಸೇತುವೆ), ಇವುಗಳ ಹೆಸರನ್ನೆಲ್ಲ ಮನೆ ಮನೆಗೆ ನಡೆದು ಕೇಳಿ ಇದರಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಇನ್ನೂರು ಪುಟದ ಹತ್ತಿರ ಇದೆ. ಹೋದ ತಿಂಗಳು ಸೊಸೆಯ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆವು. ಕನ್ನಡ ಇಲ್ಲ! ಪಿ, ಎ, ನಡುವೆ ಪೌಂಡಿನ ಗುರುತು, ತಲೆ ಮೇಲೆ ಗೀಟು ಇರುವ ಅಕ್ಷರಗಳು. ಫೈಲು ಹಾಳಾಗಿದೆಯೋ ಏನೋ.

ಇನ್ನೊಂದು. ಸಿಪಿಯು ಡಬ್ಬದ ಹಿಂದೆ ಕೈ ತಾಗಿದರೆ ಜುಮ್ ಅನ್ನುತ್ತದೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ ಗೊತ್ತಿಲ್ಲ. ದಾರಿ ಹೇಳಿ.

ಪೆರ್ಲ ಭಾವ · ಭಾನುವಾರ ರಾತ್ರಿ

ಟೀಚರ್, ಫಾರ್ಮಾಟ್ ಬೇಡ. ಯಾರ ಕೈಗೂ ಆ ಡಬ್ಬ ಕೊಡಬೇಡಿ.

ನಿಮ್ಮದು ವೈರಸ್ ಅಲ್ಲ. ಒಳಗಿನ ಮುಖ್ಯ ಹಲಗೆ, ಅಂದರೆ ಮದರ್‌ಬೋರ್ಡಿನ ಮೇಲೆ ಒಂದು ಬಿಲ್ಲೆ ಬ್ಯಾಟರಿ ಇರುತ್ತದೆ, ಹಳೆಯ ಒಂದು ರೂಪಾಯಿ ನಾಣ್ಯದ ಹಾಗೆ. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಮನೆಗೆ ಕರೆಂಟ್ ಇರುವಷ್ಟು ಹೊತ್ತು, ಕಂಪ್ಯೂಟರಿಗೆ ಕರೆಂಟ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ ಸಣ್ಣ ವಿದ್ಯುತ್ತು ಗಡಿಯಾರವನ್ನು ಹಿಡಿದಿಡುತ್ತದೆ. ಅದಕ್ಕೇ ಇಷ್ಟು ದಿನ ನಿಮಗೆ ಗೊತ್ತಾಗಲಿಲ್ಲ. ಈಗ ದಿನಾ ಕರೆಂಟ್ ಹೋಗುವಾಗ ಬ್ಯಾಟರಿ ಸತ್ತದ್ದು ಹೊರಗೆ ಬಿತ್ತು. ಹನ್ನೆರಡು ವರ್ಷ ಬಾಳಿದ್ದೇ ಹೆಚ್ಚು.

ವೆಬ್‌ಸೈಟ್ ತೆರೆಯದ್ದೂ ಇದೇ ಕಾರಣಕ್ಕೆ. ಹೆಚ್ಚುಕಡಿಮೆ ಪ್ರತಿ ವೆಬ್‌ಸೈಟಿಗೂ ಒಂದು ಸರ್ಟಿಫಿಕೇಟ್ ಇದೆ. ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅದರಲ್ಲಿ ಬರೆದಿರುತ್ತದೆ. ನಿಮ್ಮ ಕಂಪ್ಯೂಟರ್ 2012ರಲ್ಲಿ ಕೂತು ನೋಡಿದರೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ನಂಬುವುದಿಲ್ಲ.

ಬ್ಯಾಟರಿಯ ಹೆಸರು ಸಿಆರ್ 2032. ಹೆಸರಲ್ಲೇ ಅಳತೆ ಇದೆ: ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. 3 ವೋಲ್ಟ್. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ, ನೂರು ರೂಪಾಯಿ ಕೂಡ ಆಗುವುದಿಲ್ಲ. ನೀವೇ ಹಾಕಬಹುದು, ನಾನು ಹೇಳಿ ಕೊಡುತ್ತೇನೆ. ಆದರೆ ಆ ಜುಮ್ ಏನು ಅಂತ ಗೊತ್ತಾಗುವವರೆಗೆ ಡಬ್ಬ ಬಿಚ್ಚಬೇಡಿ.

ಶೇಣಿ ಅಣ್ಣ · ಭಾನುವಾರ ರಾತ್ರಿ

ಹನ್ನೆರಡು ವರ್ಷ ಹಳೆಯ ಮೆಷಿನ್. ಇವತ್ತು ಬ್ಯಾಟರಿ, ನಾಳೆ ಇನ್ನೊಂದು. ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳಿ ಟೀಚರ್, ತಲೆಬಿಸಿ ಬೇಡ. ಮಗನೋ ಸೊಸೆಯೋ ಕೂತು ಒಂದು ಗಂಟೆಯಲ್ಲಿ ಎಲ್ಲ ಸರಿ ಮಾಡಿ ಕೊಡುತ್ತಾರೆ.

ಮಂಜೇಶ್ವರ ಡಿಟಿಪಿ · ಸೋಮವಾರ ಬೆಳಿಗ್ಗೆ

ಹೊಸದು ತೆಗೆದುಕೊಂಡರೂ ಆ ಇನ್ನೂರು ಪುಟ ಅದರಲ್ಲಿ ಓದಲು ಬರುವುದಿಲ್ಲ ಅಣ್ಣ. ಮೊದಲು ಅದನ್ನು ನೋಡುವ.

ಟೀಚರ್, ಫೈಲು ಹಾಳಾಗಿಲ್ಲ. ನೀವು ಹೇಳಿದ ಗುರುತಿನಲ್ಲೇ ಗೊತ್ತಾಯಿತು. ನಾನು ಮದುವೆ ಕಾಗದ, ಯಕ್ಷಗಾನದ ಕರಪತ್ರ, ಬ್ರಹ್ಮಕಲಶದ ಆಮಂತ್ರಣ ಟೈಪ್ ಮಾಡಿಯೇ ಇಪ್ಪತ್ತು ವರ್ಷ ಕಳೆದವಳು. ಕನ್ನಡ ಅನ್ನುವ ಪದವನ್ನು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅದು ಪಿ ಅಕ್ಷರದಿಂದ ಶುರುವಾಗುತ್ತದೆ, ಪಕ್ಕದಲ್ಲಿ ಗೀಟು ಹೊತ್ತ ಎ, ಆಮೇಲೆ ಪೌಂಡಿನ ಗುರುತು. ನೀವು ನೋಡಿದ್ದು ಅದನ್ನೇ.

ಯಾಕೆ ಹೀಗೆ ಅಂದರೆ, ಆಗ ಕನ್ನಡ ಅಕ್ಷರದ ಚೂರುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತು ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂರಿಸಿದ್ದರು. ಫಾಂಟ್ ಇದ್ದರೆ ಮನೆಯೊಳಗಿನ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಮನೆ ಯಾರದೋ ಅವರ ಹೆಸರು ಕಾಣುತ್ತದೆ. ಈಗಿನ ಯುನಿಕೋಡ್‌ನಲ್ಲಿ ಕನ್ನಡಕ್ಕೇ ಅಂತ 128 ಜಾಗ ಬಿಟ್ಟಿದ್ದಾರೆ, ಸ್ವಂತ ಮನೆ. ಹಾಗಾಗಿ ಫೋನಿನಲ್ಲಿ ಬರೆದ ಕನ್ನಡ ಎಲ್ಲಿ ಹೋದರೂ ಕನ್ನಡವೇ.

ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಫೈಲು ಚೆನ್ನಾಗಿ ಕಾಣುತ್ತದಲ್ವಾ? ಹಾಗಾದರೆ ಫಾಂಟ್ ಅದರಲ್ಲೇ ಇದೆ. ಫಾರ್ಮಾಟ್ ಮಾಡಿದ್ದರೆ ಅದೂ ಹೋಗುತ್ತಿತ್ತು. ಮುಖ್ಯವಾದ ಮಾತು ಇದು, ದಯವಿಟ್ಟು ಗಮನ ಕೊಡಿ: ಫೈಲಿನ ಜೊತೆ ಫಾಂಟನ್ನೂ ಕಾಪಿ ಮಾಡಬೇಕು. ಸಿ ಡ್ರೈವ್, ಅದರೊಳಗೆ ವಿಂಡೋಸ್, ಅದರೊಳಗೆ ಫಾಂಟ್ಸ್. ಅಲ್ಲಿ ನುಡಿ ಅಂತ ಹೆಸರಿರುವ ಎಲ್ಲವನ್ನೂ ಆರಿಸಿ ಪೆನ್‌ಡ್ರೈವಿಗೆ ಹಾಕಿ. ಬರಹ ತಂತ್ರಾಂಶದ್ದು ಇದ್ದರೆ ಅದನ್ನೂ. ಶ್ರೀಲಿಪಿ ಅನ್ನುವ ಇನ್ನೊಂದು ತಂತ್ರಾಂಶದ್ದು ಇದ್ದರೆ ನನಗೆ ಹೇಳಿ, ಅದರ ಲೆಕ್ಕ ಬೇರೆ, ನುಡಿ ಫಾಂಟ್ ಹಾಕಿದರೆ ಅದು ಓದಿಸುವುದಿಲ್ಲ.

ಬದಿಯಡ್ಕ ವಯರ್‌ಮ್ಯಾನ್ · ಸೋಮವಾರ ಮಧ್ಯಾಹ್ನ

ಅಕ್ಕ, ಜುಮ್ ಅನ್ನುವುದನ್ನು ಹಾಗೇ ಬಿಡಬೇಡಿ. ಬರಿಗಾಲಲ್ಲಿ ನಿಂತಾಗ ಜಾಸ್ತಿಯಾ, ಚಪ್ಪಲಿ ಹಾಕಿದಾಗ ಇಲ್ಲವಾ? ಮೇಜಿನ ಹಿಂದಿರುವ ಎಕ್ಸ್‌ಟೆನ್ಶನ್ ಬಾಕ್ಸಿನ ಪ್ಲಗ್ಗಿನ ಒಂದು ಫೋಟೋ ಹಾಕಿ. ಗೋಡೆಯ ಸಾಕೆಟ್ ಕೂಡ ಕಾಣಬೇಕು.

ನೀರ್ಚಾಲು ಟೀಚರ್ · ಸೋಮವಾರ ಸಂಜೆ

ಚಪ್ಪಲಿ ಹಾಕಿದರೆ ಇಲ್ಲ, ಬರಿಗಾಲಲ್ಲಿ ಇದೆ. ಫೋಟೋ ಹಾಕಿದ್ದೇನೆ. ಬಾಕ್ಸಿನದ್ದು ಮೂರು ಪಿನ್ನು. ಗೋಡೆಯಲ್ಲಿ ಹತ್ತಿರ ಇದ್ದದ್ದು ಎರಡು ಪಿನ್ನಿನದು. ನಡುವೆ ಒಂದು ಬಿಳಿ ಅಡಾಪ್ಟರ್ ಇದೆ. ಯಾವಾಗ ಯಾರು ಹಾಕಿದ್ದೋ.

ಶೇಣಿ ಅಣ್ಣನಿಗೆ ಒಂದು ಮಾತು, ಬೇಸರ ಮಾಡಬೇಡಿ. ಮಗ ಸೊಸೆ ಮಾಡಿ ಕೊಡುತ್ತಾರೆ, ಇಲ್ಲ ಅಂತ ಅಲ್ಲ. ಆದರೆ ಎಲ್ಲರೂ ಮಾಡುವುದು ಒಂದೇ ರೀತಿ. ನನ್ನ ಕೈಯಿಂದ ಮೌಸ್ ತೆಗೆದುಕೊಳ್ಳುತ್ತಾರೆ, ಟಕಟಕ ಅಂತ ಏನೋ ಒತ್ತುತ್ತಾರೆ, ಸರಿಯಾಯಿತು ಅಂತ ಎದ್ದು ಹೋಗುತ್ತಾರೆ. ಏನು ಮಾಡಿದರು ಅಂತ ನನಗೆ ಗೊತ್ತಾಗುವುದಿಲ್ಲ. ಮುಂದಿನ ವಾರ ಪುನಃ ಅದೇ. ಕೇಳಲಿಕ್ಕೆ ಸಂಕೋಚ. ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಕೈ ಹಿಡಿದು ಅ ಬರೆಸಿದ್ದೇನೆ. ಬಳಪ ಕಿತ್ತುಕೊಂಡು ನಾನೇ ಬರೆದು ಕೊಟ್ಟಿಲ್ಲ. ನನಗೂ ಹಾಗೆ ಯಾರಾದರೂ ಹೇಳಿಕೊಡಲಿ ಅಂತಲೇ ಇಲ್ಲಿ ಬರೆದದ್ದು.

ಬದಿಯಡ್ಕ ವಯರ್‌ಮ್ಯಾನ್ · ಸೋಮವಾರ ಸಂಜೆ

ಸಿಕ್ಕಿತು ಅಕ್ಕ. ಆ ಬಿಳಿ ಅಡಾಪ್ಟರೇ. ಮೂರನೆಯ ಪಿನ್ನು ಅರ್ಥಿಂಗಿನದು. ಅದು ಗೋಡೆಗೆ ಸೇರುತ್ತಲೇ ಇಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಂಪ್ಯೂಟರಿನ ಎಸ್‌ಎಂಪಿಎಸ್ ಒಳಗೆ ಎರಡು ಸಣ್ಣ ಕೆಪಾಸಿಟರ್ ಇರುತ್ತವೆ. ಒಂದು ಫೇಸಿನಿಂದ ಡಬ್ಬಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಡಬ್ಬಕ್ಕೆ. ಗದ್ದಲದ ವಿದ್ಯುತ್ತನ್ನು ಅರ್ಥಿಗೆ ಇಳಿಸಲಿಕ್ಕೆ ಅದು. ಅರ್ಥ್ ಇಲ್ಲದಿದ್ದರೆ ಇಳಿಯಲು ಜಾಗ ಇಲ್ಲ. ಡಬ್ಬ 230 ವೋಲ್ಟಿನ ಅರ್ಧಕ್ಕೆ, ಅಂದರೆ ಸುಮಾರು 115ಕ್ಕೆ ಹೋಗಿ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ಬಹಳ ಕಡಿಮೆ, ಹಾಗಾಗಿ ಜುಮ್ ಅಷ್ಟೇ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಆದರೆ ಒಳಗೆ ಬೇರೆ ಯಾವುದಾದರೂ ವಯರ್ ಸುಲಿದು ಡಬ್ಬಕ್ಕೆ ತಾಗಿದರೆ ಅದನ್ನೂ ಇಳಿಸುವವರಿಲ್ಲ. ಭಯ ಪಡಬೇಕಾದದ್ದು ಅದಕ್ಕೆ.

ಆ ಅಡಾಪ್ಟರ್ ತೆಗೆದು ಬಿಡಿ. ಮೂರು ಪಿನ್ನಿನ ಸಾಕೆಟ್ ಇರುವ ಗೋಡೆಗೆ ಮೇಜನ್ನೇ ಸರಿಸಿ. ಆಮೇಲೂ ಜುಮ್ ಇದ್ದರೆ ಮನೆಯ ಅರ್ಥಿಂಗೇ ಕಟ್ಟಾಗಿದೆ ಅಂತ ಲೆಕ್ಕ, ಲೈಸೆನ್ಸ್ ಇರುವ ವಯರ್‌ಮ್ಯಾನ್ ಬಂದು ನೋಡಬೇಕು. ನಮ್ಮ ಊರಿನ ಮುರಕಲ್ಲು ನೆಲ ನಿಮಗೆ ಗೊತ್ತಲ್ಲ. ಮಳೆಗಾಲದಲ್ಲಿ ಒದ್ದೆ, ಆಗ ಅರ್ಥಿಂಗ್ ಚೆನ್ನಾಗಿರುತ್ತದೆ. ಮಾರ್ಚ್ ಬಂದರೆ ಕಲ್ಲಿನ ಹಾಗೆ ಒಣಗುತ್ತದೆ, ಅರ್ಥಿಂಗ್ ಇದ್ದೂ ಇಲ್ಲದ ಹಾಗೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ಆಗಾಗ ಎರಡು ಕೊಡ ನೀರು ಹೊಯ್ಯುವ ಅಭ್ಯಾಸ ಹಳೆಯವರಿಗೆ ಇತ್ತು. ಈಗ ಗುಂಡಿ ಎಲ್ಲಿದೆ ಅಂತಲೇ ಮನೆಯವರಿಗೆ ಗೊತ್ತಿರುವುದಿಲ್ಲ.

ಮೀಟರ್ ಬೋರ್ಡಿನ ಹತ್ತಿರ, ಕರೆಂಟ್ ಸೋರಿದರೆ ತಾನೇ ಕಡಿಯುವ ಇಎಲ್‌ಸಿಬಿ ಇದೆಯಾ ನೋಡಿ. ಇದ್ದರೆ ಅದರ ಟೆಸ್ಟ್ ಬಟನ್ ಒಮ್ಮೆ ಒತ್ತಿ. ಟಕ್ ಅಂತ ಕೆಳಗೆ ಬೀಳಬೇಕು. ಬೀಳದಿದ್ದರೆ ಅದು ಇದ್ದು ಪ್ರಯೋಜನ ಇಲ್ಲ.

ಮುಳ್ಳೇರಿಯ ತೋಟ · ಸೋಮವಾರ ರಾತ್ರಿ

ತುಲಾ ತಿಂಗಳ ಸಿಡಿಲಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹೋದ ವರ್ಷ ನಮ್ಮಲ್ಲಿ ಕಂಪ್ಯೂಟರಿನ ಪ್ಲಗ್ ತೆಗೆದೇ ಇಟ್ಟಿದ್ದೆ. ಆದರೂ ಹೋಯಿತು. ತೋಟದ ಅಂಚಿನ ತೆಂಗಿನ ಮರಕ್ಕೆ ಹೊಡೆದದ್ದು. ಮನೆಯೊಳಗೆ ರೌಟರ್ ಸುಟ್ಟು, ಅಲ್ಲಿಂದ ನೆಟ್ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ಬಂದಿದೆ. ಕೇಬಲ್ ಸಿಕ್ಕಿಸುವ ಜಾಗ ಕರ್ರಗಾಗಿತ್ತು.

ಫೈಬರ್ ಆದ ಮೇಲೆ ಭಯ ಇಲ್ಲ ಅಂತ ಅಂದುಕೊಂಡಿದ್ದೆ. ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ, ಅದು ಸರಿ. ಆದರೆ ಕಂಬದಿಂದ ಮನೆಗೆ ಎಳೆಯುವ ಎಷ್ಟೋ ಫೈಬರ್ ಕೇಬಲ್‌ಗಳಲ್ಲಿ ಬಲಕ್ಕೆ ಅಂತ ಸ್ಟೀಲ್ ತಂತಿ ಇರುತ್ತದೆ. ರೌಟರಿನ ಅಡಾಪ್ಟರ್ ಹೇಗೂ ಗೋಡೆಯ ಕರೆಂಟಿನಲ್ಲೇ ಇರುತ್ತದೆ. ಹಾಗಾಗಿ ಮೋಡ ಕಟ್ಟುವಾಗಲೇ ರೌಟರಿನ ಪ್ಲಗ್ಗನ್ನೂ ತೆಗೆಯಬೇಕು, ಕಂಪ್ಯೂಟರಿನ ಹಿಂದಿನ ನೆಟ್ ಕೇಬಲನ್ನೂ ತೆಗೆಯಬೇಕು. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ. ಯುಪಿಎಸ್ ಇದೆ ಅಂತ ಧೈರ್ಯ ಬೇಡ, ಸಿಡಿಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ.

ಕುಂಬಳೆ ಪ್ಲಸ್ ಟು · ಸೋಮವಾರ ರಾತ್ರಿ

ಟೀಚರ್ ನಮಸ್ತೆ. ನಾನು ಹೈಸ್ಕೂಲಿನಲ್ಲಿ ಮಕ್ಕಳ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನಲ್ಲಿದ್ದೆ. ವಿಂಡೋಸ್ 10ಕ್ಕೆ 2025 ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ಮುಗಿದಿದೆ. 2013ರ ಮೆಷಿನಿಗೆ ವಿಂಡೋಸ್ 11 ಆಗುವುದಿಲ್ಲ, ಅದಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕು, ಪ್ರೊಸೆಸರೂ ಹೊಸದು ಬೇಕು. ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಬಹುದು. ಕೇರಳದ ಶಾಲೆಗಳಲ್ಲಿ ನಾವೆಲ್ಲ ಕಲಿತದ್ದು ಅದರಲ್ಲೇ, ಉಬುಂಟು ಅನ್ನುವ ಲಿನಕ್ಸಿನ ಮೇಲೆ ಮಾಡಿದ್ದು. ದುಡ್ಡು ಕೊಡಬೇಕಾಗಿಲ್ಲ, ಹಳೆಯ ಮೆಷಿನಿನಲ್ಲೂ ಓಡುತ್ತದೆ. ನಾನು ಬಂದು ಹಾಕಿ ಕೊಡುತ್ತೇನೆ.

ಪೆರ್ಲ ಭಾವ · ಸೋಮವಾರ ರಾತ್ರಿ

ಒಳ್ಳೆಯ ಮಾತೇ ಮಗಾ, ಆದರೆ ಈಗ ಬೇಡ. ಒಂದೇ ಸಲಕ್ಕೆ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಏನು ಆಯಿತು ಅಂತ ಗೊತ್ತಾಗುವುದಿಲ್ಲ. ಮೊದಲು ಫೈಲು ಎರಡು ಕಡೆ ಕಾಪಿ ಆಗಲಿ. ಆಮೇಲೆ ಬ್ಯಾಟರಿ. ಲಿನಕ್ಸ್ ವಿಷಯ ಜನವರಿಯಲ್ಲಿ ಮಾತಾಡುವ. ಅಲ್ಲಿಯವರೆಗೆ ವಿಂಡೋಸ್ 10ಕ್ಕೇ ಇನ್ನೊಂದು ವರ್ಷ, 2026 ಅಕ್ಟೋಬರ್ 13ರವರೆಗೆ, ಸುರಕ್ಷತೆಯ ಅಪ್‌ಡೇಟ್ ಮುಂದುವರಿಸುವ ವ್ಯವಸ್ಥೆ ಇದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದಕ್ಕೆ ಹೆಸರು ಕೊಡಬಹುದು.

ಕುಂಬಳೆ ಪ್ಲಸ್ ಟು · ಸೋಮವಾರ ರಾತ್ರಿ

ಸರಿ ಭಾವ. ನುಡಿ ಫಾಂಟನ್ನು ಲಿನಕ್ಸಿನಲ್ಲಿ ಹಾಕಿದರೂ ಲಿಬ್ರೆ ಆಫೀಸ್ ಅನ್ನುವ ಬರವಣಿಗೆಯ ತಂತ್ರಾಂಶದಲ್ಲಿ ಆ ಫೈಲು ಓದಬಹುದು, ಅದು ಮಾತ್ರ ಹೇಳಿರುತ್ತೇನೆ. ಟೈಪ್ ಮಾಡುವ ನುಡಿ ತಂತ್ರಾಂಶ ವಿಂಡೋಸಿನದು.

ಉಪ್ಪಳ–ಶಾರ್ಜಾ · ಮಂಗಳವಾರ ಬೆಳಿಗ್ಗೆ

ಟೀಚರ್ ಮೌಸಿನ ಬಗ್ಗೆ ಬರೆದದ್ದು ಓದಿ ರಾತ್ರಿ ಬಹಳ ಹೊತ್ತು ಅದೇ ಯೋಚನೆ. ನನ್ನ ಅಮ್ಮ ಉಪ್ಪಳದಲ್ಲಿ ಒಬ್ಬರೇ. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವರು. ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೆ. ಮೊದಲು ನಾನೂ ಇಲ್ಲಿಂದ ರಿಮೋಟ್ ಆ್ಯಪ್ ಹಾಕಿ ಪಾಯಿಂಟರ್ ಓಡಿಸಿ ಸರಿ ಮಾಡುತ್ತಿದ್ದೆ. ಅಮ್ಮ ಸುಮ್ನೆ ನೋಡುತ್ತಾ ಕೂರುತ್ತಿದ್ದರು.

ಒಂದು ದಿನ ಪರದೆ ತುಂಬ ಕೆಂಪು ಬಂತಂತೆ. ಜೋರಾಗಿ ಸದ್ದು. ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಅಂತ. ಅಮ್ಮ ಫೋನ್ ಮಾಡಿದರು. ಆ ಕಡೆಯವನು ಇದೇ ತರದ ರಿಮೋಟ್ ಆ್ಯಪಿನ ನಂಬರ್ ಕೇಳಿದ. ಮಗನೂ ಹೀಗೇ ಮಾಡುತ್ತಾನಲ್ಲ ಅಂತ ಅಮ್ಮನಿಗೆ ಅನುಮಾನ ಬರಲೇ ಇಲ್ಲ. ಪಕ್ಕದ ಮನೆಯ ಅಕ್ಕ ಬಂದು ಪ್ಲಗ್ ಎಳೆದದ್ದರಿಂದ ದುಡ್ಡು ಉಳಿಯಿತು. ಆ ಅಭ್ಯಾಸ ಅಮ್ಮನಿಗೆ ಮಾಡಿಸಿದವನು ನಾನೇ ಅಂತ ನನಗೆ ಆವತ್ತು ಗೊತ್ತಾಯಿತು.

ಆಮೇಲೆ ರಿಮೋಟ್ ಆ್ಯಪ್ ತೆಗೆಸಿಬಿಟ್ಟೆ. ಈಗ ವಾಟ್ಸಾಪ್ ವಿಡಿಯೋದಲ್ಲಿ ಅಮ್ಮ ಫೋನನ್ನು ಪರದೆಗೆ ಹಿಡಿಯುತ್ತಾರೆ, ನಾನು ಬಾಯಲ್ಲಿ ಹೇಳುತ್ತೇನೆ. ಕೆಳಗೆ ಎಡಗಡೆ ಮೂಲೆಯಲ್ಲಿ ನಾಲ್ಕು ಗಾಜಿನ ಕಿಟಕಿ ಇದೆ ನೋಡಿ ಅಮ್ಮ, ಅದನ್ನು ಒತ್ತಿ. ಹಲ್ಲಿನ ಚಕ್ರದ ಗುರುತು ಕಾಣುತ್ತದಾ? ಹೀಗೆ. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಿತು. ಈಗ ಪ್ರಿಂಟರ್ ಸಿಕ್ಕಿಹಾಕಿಕೊಂಡರೆ ನನಗೆ ಫೋನ್ ಬರುವುದಿಲ್ಲ.

ಹಾಗೆ ಕೆಂಪು ಪರದೆ ಬಂದರೆ ಯಾರೂ ಹೆದರಬೇಡಿ. ಅದು ವೈರಸ್ ಅಲ್ಲ, ಒಂದು ವೆಬ್ ಪುಟ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿ, ಬ್ರೌಸರಿನ ಹೆಸರು ಆರಿಸಿ ಎಂಡ್ ಟಾಸ್ಕ್ ಕೊಡಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿಯಿರಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

ನೀರ್ಚಾಲು ಟೀಚರ್ · ಮಂಗಳವಾರ ಸಂಜೆ

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ ಮಗಾ.

ಇಲ್ಲಿಯ ವರದಿ: ಮೇಜು ಸರಿಸಿದೆ. ಮೂರು ಪಿನ್ನಿನ ಸಾಕೆಟಿಗೆ ಹಾಕಿದೆ. ಬರಿಗಾಲಲ್ಲಿ ನಿಂತು ಕೈಯ ಹಿಂಬದಿಯಿಂದ ಮುಟ್ಟಿದೆ. ಜುಮ್ ಇಲ್ಲ. ಇಎಲ್‌ಸಿಬಿ ಟೆಸ್ಟ್ ಬಟನ್ ಒತ್ತಿದೆ, ಮನೆಯೆಲ್ಲ ಕತ್ತಲಾಯಿತು, ಅಂದರೆ ಸರಿ ಇದೆ ಅಲ್ವಾ?

ಫೈಲನ್ನೂ ನುಡಿ ಫಾಂಟುಗಳನ್ನೂ ಪೆನ್‌ಡ್ರೈವಿಗೆ ಹಾಕಿದೆ. ಅದನ್ನೇ ಪೇಟೆಗೆ ಕೊಂಡುಹೋಗಿ ಹತ್ತು ಪುಟ ಪ್ರಿಂಟ್ ತೆಗೆಸಿದೆ. ಮನೆಗೆ ಬಂದು ಸಿಕ್ಕಿಸಿದರೆ ಪೆನ್‌ಡ್ರೈವಿನಲ್ಲಿ ಫೋಲ್ಡರ್ ಇಲ್ಲ! ಅದೇ ಹೆಸರಿನದು ಒಂದು ಇದೆ, ಮೂಲೆಯಲ್ಲಿ ಬಾಗಿದ ಬಾಣದ ಗುರುತು. ಒಂದೇ ಕೆಬಿ ಅಂತ ತೋರಿಸುತ್ತದೆ. ಕೈ ನಡುಗುತ್ತಿದೆ.

ಕುಂಬಳೆ ಪ್ಲಸ್ ಟು · ಮಂಗಳವಾರ ಸಂಜೆ

ಟೀಚರ್ ಅದನ್ನು ಡಬಲ್ ಕ್ಲಿಕ್ ಮಾಡಬೇಡಿ! ಮಾಡಿದ್ದೀರಾ?

ನೀರ್ಚಾಲು ಟೀಚರ್ · ಮಂಗಳವಾರ ಸಂಜೆ

ಇಲ್ಲ. ಮುಟ್ಟಿಲ್ಲ.

ಕುಂಬಳೆ ಪ್ಲಸ್ ಟು · ಮಂಗಳವಾರ ಸಂಜೆ

ಬಚಾವ್. ಅದು ಶಾರ್ಟ್‌ಕಟ್ ವೈರಸ್. ಪ್ರಿಂಟ್ ತೆಗೆಸುವ ಕಂಪ್ಯೂಟರಿಗೆ ದಿನಕ್ಕೆ ಎಷ್ಟೋ ಜನರ ಪೆನ್‌ಡ್ರೈವ್ ಸಿಕ್ಕಿಸುತ್ತಾರೆ, ಹಾಗೆ ಬರುತ್ತದೆ. ನಿಮ್ಮ ಫೋಲ್ಡರ್ ಹೋಗಿಲ್ಲ. ಅದನ್ನು ಅಡಗಿಸಿಟ್ಟು ಅದರ ಹೆಸರಲ್ಲಿ ಒಂದು ಬಲೆ ಇಟ್ಟಿದೆ, ಅಷ್ಟೇ.

ಪೆನ್‌ಡ್ರೈವ್ ತೆರೆದಿರುವ ಕಿಟಕಿಯಲ್ಲಿ ಮೇಲೆ ವ್ಯೂ ಅಂತ ಇದೆ. ಅದನ್ನು ಒತ್ತಿದರೆ ಬಲಗಡೆ ಹಿಡನ್ ಐಟಮ್ಸ್ ಅಂತ ಒಂದು ಚೌಕ. ಅದಕ್ಕೆ ಟಿಕ್ ಹಾಕಿ. ಮಸುಕಾದ ಬಣ್ಣದಲ್ಲಿ ನಿಮ್ಮ ಫೋಲ್ಡರ್ ಕಾಣುತ್ತದಾ?

ನೀರ್ಚಾಲು ಟೀಚರ್ · ಮಂಗಳವಾರ ರಾತ್ರಿ

ಕಂಡಿತು. ಹೆಸರಿಲ್ಲದ ಒಂದು ಮಸುಕು ಫೋಲ್ಡರ್, ಅದರೊಳಗೆ ನನ್ನದು ಇದೆ. ಮಗಾ, ನೀನು ಯಾರ ಮಗನೋ, ಚೆನ್ನಾಗಿರು.

ಕುಂಬಳೆ ಪ್ಲಸ್ ಟು · ಮಂಗಳವಾರ ರಾತ್ರಿ

ಮಗಳು, ಟೀಚರ್ 🙂

ಮೂಲ ಫೈಲು ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ. ಪೆನ್‌ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ, ವಿಂಡೋಸಿನಲ್ಲೇ ಇರುವ ವೈರಸ್ ಹುಡುಕುವ ತಂತ್ರಾಂಶ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡುವ ಸಾಲು ಇರುತ್ತದೆ, ಅದನ್ನು ಕೊಡಿ. ಅದು ಮುಗಿದ ಮೇಲೆ ಇಡೀ ಕಂಪ್ಯೂಟರಿಗೂ ಒಂದು ಸ್ಕ್ಯಾನ್. ಮುಂದೆ ಪ್ರಿಂಟಿಗೆ ಕೊಡುವಾಗ ಬೇರೆಯೇ ಒಂದು ಪೆನ್‌ಡ್ರೈವ್ ಇಟ್ಟುಕೊಳ್ಳಿ, ಅದರಲ್ಲಿ ಪ್ರಿಂಟಿನ ಫೈಲು ಮಾತ್ರ, ಪಿಡಿಎಫ್ ಮಾಡಿ. ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಕೂರುತ್ತದೆ, ಅಂಗಡಿಯಲ್ಲಿ ನುಡಿ ಇಲ್ಲದಿದ್ದರೂ ಕನ್ನಡವೇ ಬರುತ್ತದೆ. ಅವರು ಬರೆದದ್ದನ್ನು ಇಟ್ಟ ಪೆನ್‌ಡ್ರೈವ್ ಮನೆಯಿಂದ ಹೊರಗೆ ಹೋಗುವುದೇ ಬೇಡ.

ಪೆರ್ಲ ಭಾವ · ಬುಧವಾರ ಬೆಳಿಗ್ಗೆ

ಜುಮ್ ಹೋಯಿತು, ಕಾಪಿ ಆಯಿತು. ಈಗ ಬ್ಯಾಟರಿ.

ಕಂಪ್ಯೂಟರ್ ಆಫ್ ಮಾಡಿ. ಪ್ಲಗ್ಗನ್ನು ಗೋಡೆಯಿಂದ ತೆಗೆಯಿರಿ, ಸ್ವಿಚ್ ಆಫ್ ಮಾತ್ರ ಸಾಲದು. ಪ್ಲಗ್ ತೆಗೆದ ಮೇಲೆ ಪವರ್ ಬಟನ್ ಒಂದೈದು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದದ್ದು ಖಾಲಿಯಾಗುತ್ತದೆ. ಹಿಂದಿನ ಎರಡು ಸ್ಕ್ರೂ ಬಿಚ್ಚಿ ಎಡಗಡೆಯ ತಗಡು ಹಿಂದಕ್ಕೆ ಎಳೆಯಿರಿ. ಒಳಗೆ ಮುಟ್ಟುವ ಮೊದಲು ಡಬ್ಬದ ಬಣ್ಣವಿಲ್ಲದ ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ. ಬ್ಯಾಟರಿ ಹೊಳೆಯುತ್ತಾ ಕಾಣುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಕ್ಲಿಪ್ ಇದೆ. ಅದನ್ನು ಉಗುರಿನಿಂದ ಹೊರಕ್ಕೆ ತಳ್ಳಿದರೆ ಬ್ಯಾಟರಿ ತಾನೇ ಮೇಲೆ ಏಳುತ್ತದೆ. ಹೊಸದನ್ನು ಪ್ಲಸ್ ಗುರುತು ಮೇಲೆ ಬರುವ ಹಾಗೆ ಕೂರಿಸಿ ಒತ್ತಿ. ಟಿಕ್ ಅನ್ನಬೇಕು.

ಆನ್ ಮಾಡಿದಾಗ ಕಪ್ಪು ಪರದೆಯಲ್ಲಿ ಎಫ್1 ಒತ್ತಿ ಅಂತ ಕೇಳಬಹುದು. ಒತ್ತಿ. ತಾರೀಖು ಕೈಯಲ್ಲೇ ಸರಿ ಮಾಡಿ, ಸೇವ್ ಮಾಡಿ ಹೊರಗೆ ಬನ್ನಿ. ಬ್ಯಾಟರಿ ತೆಗೆದರೆ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ತಂತ್ರಾಂಶ) ಸೆಟ್ಟಿಂಗ್ ಹೋಗುತ್ತದೆ ಅಂತ ಯಾರಾದರೂ ಹೆದರಿಸಿದರೆ ಕೇಳಬೇಡಿ. ನಿಮ್ಮ ಮೆಷಿನ್ ದಿನಾ ಅದನ್ನು ಮರೆಯುತ್ತಲೇ ಇದೆ, ಆದರೂ ವಿಂಡೋಸ್ ಏಳುತ್ತಿದೆ. ಹಾಗಾದ ಮೇಲೆ ಹೋಗಲಿಕ್ಕೆ ಇನ್ನೇನೂ ಉಳಿದಿಲ್ಲ.

ಇಷ್ಟಕ್ಕೂ ನೀವೇ ಮಾಡಿ. ಪಕ್ಕದಲ್ಲಿ ಯಾರಾದರೂ ಟಾರ್ಚ್ ಹಿಡಿಯಲಿ, ಅಷ್ಟು ಸಾಕು.

ನೀರ್ಚಾಲು ಟೀಚರ್ · ಗುರುವಾರ ಸಂಜೆ

ಆಯಿತು. ನಾನೇ ಹಾಕಿದೆ. ಸೊಸೆ ಟಾರ್ಚ್ ಹಿಡಿದಳು. ಒಳಗೆ ಇರುವೆ ಗೂಡು ಕಟ್ಟಿತ್ತು, ಮೂಲೆಯಲ್ಲಿ ಒಂದು ಹಲ್ಲಿ ಮೊಟ್ಟೆಯ ಚಿಪ್ಪು. ಹಳೆಯ ಬಣ್ಣದ ಬ್ರಷ್ಷಿನಿಂದ ಮೆಲ್ಲಗೆ ಗುಡಿಸಿದೆ. ಕ್ಲಿಪ್ ತಳ್ಳುವಾಗ ಮುರಿದರೆ ಅಂತ ಎರಡು ಸಲ ಕೈ ಹಿಂದೆ ತೆಗೆದೆ. ಮೂರನೇ ಸಲ ತಳ್ಳಿದೆ, ಬ್ಯಾಟರಿ ಚಂಗನೆ ಎದ್ದಿತು.

ಮಂಜೇಶ್ವರ ಡಿಟಿಪಿ · ಗುರುವಾರ ರಾತ್ರಿ

ಬಹಳ ಖುಷಿಯಾಯಿತು ಟೀಚರ್. ನೀವು ಮೇಲ್ ಮಾಡಿದ ಫೈಲು ನನಗೆ ಬಂದಿದೆ. ನುಡಿಯೇ. ಮೂಲವನ್ನು ಹಾಗೇ ಇಟ್ಟು ಅದರ ಒಂದು ಕಾಪಿಯನ್ನು ಯುನಿಕೋಡಿಗೆ ಪರಿವರ್ತನೆ ಮಾಡಿದೆ. ನೂರಕ್ಕೆ ನೂರು ಸರಿ ಬರುವುದಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಮೊದಲ ಪುಟದಲ್ಲೇ ನಿಮ್ಮ ಊರಿನ ಹೆಸರು ನೀಚಾರ್ಲು ಅಂತ ಬಂದಿದೆ!

ಅರ್ಕಾವೊತ್ತಿನ ತೊಂದರೆ ಇದು. ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಟ್ಟಿದ್ದಾರೆ, ಚಾ ಮೊದಲು, ಅದರ ಬಲಕ್ಕೆ ಅರ್ಕಾವೊತ್ತು. ಯುನಿಕೋಡಿನಲ್ಲಿ ಬಾಯಲ್ಲಿ ಹೇಳುವ ಕ್ರಮ, ರ್ ಮೊದಲು, ಆಮೇಲೆ ಚಾ. ಸರಿಸುವಾಗ ಕೆಲವು ಕಡೆ ತಪ್ಪುತ್ತದೆ. ಬೇರೆ ಬರಹವಾದರೆ ಓದುವವರು ಊಹಿಸಿಕೊಂಡು ಹೋಗುತ್ತಾರೆ. ಇದು ಹೆಸರುಗಳ ಪಟ್ಟಿ. ಒಂದು ಒತ್ತು ತಪ್ಪಿದರೆ ಗದ್ದೆಯ ಹೆಸರೇ ಬದಲಾಗುತ್ತದೆ. ನಮ್ಮಲ್ಲಿ ಬೋರ್ಡುಗಳಲ್ಲಿ ಊರಿನ ಹೆಸರು ಒಂದೊಂದು ಕಡೆ ಒಂದೊಂದು ತರ ಬರೆಯುವುದು ದಿನಾ ನೋಡುತ್ತೇವೆ. ಇವರು ಮನೆ ಮನೆಗೆ ಹೋಗಿ ಕೇಳಿ ಬರೆದದ್ದು ನಮ್ಮ ಕೈಯಲ್ಲಿ ತಪ್ಪಬಾರದು.

ಹಾಗಾಗಿ ಸಾಲು ಸಾಲು ಕೂತು ನೋಡಬೇಕು. ಎಡಗಡೆ ನುಡಿಯ ಪಿಡಿಎಫ್, ಬಲಗಡೆ ಹೊಸದು. ನಾನು ದಿನಕ್ಕೆ ಹತ್ತು ಪುಟ ನೋಡಿ ಕಳಿಸುತ್ತೇನೆ. ಅನುಮಾನ ಇದ್ದದ್ದಕ್ಕೆ ಹಳದಿ ಬಣ್ಣ ಹಾಕುತ್ತೇನೆ, ನೀವು ನೋಡಿ.

ನೀರ್ಚಾಲು ಟೀಚರ್ · ಶುಕ್ರವಾರ ಬೆಳಿಗ್ಗೆ

ಹತ್ತು ಪುಟ ಸಿಕ್ಕಿತು. ಸೊಸೆಯ ಲ್ಯಾಪ್‌ಟಾಪಿನಲ್ಲೇ ಓದಿದೆ, ಅಚ್ಚ ಕನ್ನಡ. ದೊಡ್ಡಬೈಲು, ಹಲಸಿನಡಿ, ಸಂಕದ ಬುಡ, ಸುರಂಗದ ಬಾಗಿಲು. ಒಂದೊಂದು ಹೆಸರಿನ ಪಕ್ಕದಲ್ಲೂ ಯಾರ ಮನೆಯಲ್ಲಿ ಕೇಳಿದ್ದು, ಯಾವ ತಿಂಗಳು ಅಂತ ಬರೆದಿದ್ದಾರೆ. ಎಂಟನೆಯ ಪುಟದಲ್ಲಿ ನಾವಿಬ್ಬರೂ ಒಟ್ಟಿಗೆ ಹೋದ ಮನೆ ಇದೆ. ಅಲ್ಲಿ ಬೆಲ್ಲ ನೀರು ಕೊಟ್ಟದ್ದು ನೆನಪಿದೆ.

ಹಳದಿ ಹಾಕಿದ ಒಂದು ಹೆಸರು ನನಗೆ ಗೊತ್ತಾಗಲಿಲ್ಲ. ಹೊಸದರಲ್ಲಿ ಕಟದ ಗುಂಡಿ ಅಂತ ಇದೆ. ಹಳೆಯ ಪ್ರಿಂಟಿನಲ್ಲೂ ಆ ಜಾಗದಲ್ಲಿ ಶಾಯಿ ಹರಡಿದೆ. ಶೇಣಿಯ ಕಡೆಯದು ಅಂತ ಬರೆದಿದ್ದಾರೆ.

ಶೇಣಿ ಅಣ್ಣ · ಶುಕ್ರವಾರ ಮಧ್ಯಾಹ್ನ

ಟೀಚರ್, ಅದು ಕಟ್ಟದ ಗುಂಡಿ. ಟ ಗೆ ಟ ಒತ್ತು. ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣು ಹಾಕಿ ನೀರು ನಿಲ್ಲಿಸುವ ಕಟ್ಟ. ನನ್ನ ಅಜ್ಜ ಆ ಕಟ್ಟ ಕಟ್ಟುವಾಗ ನಾನು ಮಣ್ಣು ಹೊತ್ತಿದ್ದೇನೆ. ಕಟ್ಟದ ಕೆಳಗೆ ನೀರು ಬಿದ್ದು ಬಿದ್ದು ಆದ ಗುಂಡಿ, ಮಕ್ಕಳು ಈಜು ಕಲಿಯುತ್ತಿದ್ದದ್ದು ಅದರಲ್ಲೇ. ಆ ಹೆಸರನ್ನು ಯಾರಾದರೂ ಬರೆದಿಟ್ಟಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹೊಸದು ತೆಗೆದುಕೊಳ್ಳಿ ಅಂತ ಮೊದಲು ಹೇಳಿದ್ದೆ. ಏನು ಒಳಗಿದೆ ಅಂತ ತಿಳಿಯದೆ ಹೇಳಿದ್ದು. ಶೇಣಿ ಕಡೆಯ ಪುಟಗಳನ್ನೆಲ್ಲ ನನಗೆ ಕಳಿಸಿ. ನಾನು ತಿದ್ದಿ ಕೊಡುತ್ತೇನೆ. ಗೊತ್ತಿಲ್ಲದ್ದನ್ನು ಊರಿನ ಹಿರಿಯರಲ್ಲಿ ಕೇಳಿ ಬರುತ್ತೇನೆ.

ಪೆರ್ಲ ಭಾವ · ಶುಕ್ರವಾರ ಸಂಜೆ

ಟೀಚರ್, ಇವತ್ತು ಮಧ್ಯಾಹ್ನ ಇಲ್ಲಿ ಜೋರು ಗುಡುಗು. ನಿಮ್ಮಲ್ಲಿ ಕರೆಂಟ್ ಹೋಯಿತಾ? ತಾರೀಖು ನೋಡಿದಿರಾ?

ನೀರ್ಚಾಲು ಟೀಚರ್ · ಶುಕ್ರವಾರ ರಾತ್ರಿ

ಎರಡೂವರೆಗೆ ಮೋಡ ಕಟ್ಟುವಾಗಲೇ ಎಲ್ಲ ಪ್ಲಗ್ಗೂ ತೆಗೆದಿದ್ದೆ, ನೆಟ್ ಕೇಬಲ್ ಕೂಡ. ಆರು ಗಂಟೆಗೆ ಪುನಃ ಹಾಕಿದೆ. ಕಂಪ್ಯೂಟರ್ ಎದ್ದಿತು. ಬಲಗಡೆ ಮೂಲೆಯಲ್ಲಿ ಇವತ್ತಿನ ತಾರೀಖೇ ಇದೆ, ಆರು ಗಂಟೆ ನಾಲ್ಕು ನಿಮಿಷ.

ಹನ್ನೊಂದರಿಂದ ಇಪ್ಪತ್ತನೆಯ ಪುಟ ನೋಡಲು ಕೂತಿದ್ದೇನೆ.